ರ‍್ಯಾಪ್ ಶೋ ಪಿಟ್‌ನಲ್ಲಿ ಫೋಟೊ: ಮೊದಲು ಮೈಕ್ ಯಾವ ಕೈಯಲ್ಲಿದೆ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದಲ್ಲಿ ಓದ್ತಿದ್ದೀರಿ, ಮೈಸೂರಿನ ಒಂದು ಕನ್ನಡ ರ‍್ಯಾಪ್ ಶೋಗೆ ಪಿಟ್ ಪಾಸ್ ಸಿಕ್ಕಿದೆ. ಕೈಯಲ್ಲಿರೋದು ಕ್ಯಾನನ್ 1500ಡಿ, ಅದರ ಜೊತೆ ಬರೋ ಕಿಟ್ ಲೆನ್ಸ್, ಒಂದು 50 ಎಂಎಂ ಎಫ್ 1.8 ಲೆನ್ಸ್. 70-200 ಎಂಎಂ ಝೂಮ್ ಲೆನ್ಸ್ ಬಾಡಿಗೆಗೆ ತರಬೇಕಾ, ಫೋಟೊ ಕಪ್ಪಾಗದೆ, ಅಲುಗದೆ ಬರಬೇಕಂದ್ರೆ ಏನು ಮಾಡಬೇಕು, ಜನ ಮೈಮೇಲೆ ಬಿದ್ದರೆ ಏನು ಗತಿ.

70-200 ಬೇಡ. ಪಿಟ್ ಅಂದ್ರೆ ಸ್ಟೇಜಿಗೂ ಬ್ಯಾರಿಕೇಡಿಗೂ ನಡುವಿನ ಓಣಿ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಅಡಿ. ರ‍್ಯಾಪರ್ ಸ್ಟೇಜ್ ಅಂಚಿಗೆ ಬಂದಾಗ ನಿಮಗೂ ಅವನಿಗೂ ಮಧ್ಯೆ ಒಂದು ಮಂಚದ ಉದ್ದ ಇರುತ್ತೆ, ಅಷ್ಟೆ. ನಿಮ್ಮ ಕ್ಯಾಮೆರಾದ ಚಿಕ್ಕ ಸೆನ್ಸರ್‌ನಲ್ಲಿ 70 ಎಂಎಂ ಅಂದ್ರೆ ದೊಡ್ಡ (ಫುಲ್ ಫ್ರೇಮ್) ಸೆನ್ಸರಿನ 112ರ ನೋಟ, ಇನ್ನೂ ಹತ್ತಿರ. ಮುಖ ಮತ್ತು ಮೈಕ್ ಬಿಟ್ಟು ಬೇರೇನೂ ಸಿಗಲ್ಲ. ಬಾಡಿಗೆ ದುಡ್ಡು ಹಾಕೋದಾದ್ರೆ 17-50 ಎಫ್ 2.8 ತನ್ನಿ, ಟ್ಯಾಮ್ರನ್, ಸಿಗ್ಮಾ ಎರಡರಲ್ಲೂ ಇದೆ. ಕಿಟ್ ಲೆನ್ಸನ್ನು ಮನೇಲೇ ಬಿಡಿ. 55 ಎಂಎಂಗೆ ಹೋದ್ರೆ ಅದು ಎಫ್ 5.6ಕ್ಕೆ ಇಳಿಯುತ್ತೆ (ಎಫ್ ಅಂದ್ರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು). ಎಫ್ 2.8ರಲ್ಲಿ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತೆ, ನಿಮ್ಮ 1.8ರಲ್ಲಿ ಹತ್ತಿರ ಹತ್ತು ಪಟ್ಟು. ಎಫ್ 2.8, 1/400, ಐಎಸ್‌ಒ 3200ರಲ್ಲಿ (1/400 ಅಂದ್ರೆ ಶಟರ್ ತೆರೆದಿರೋ ಸೆಕೆಂಡಿನ ಭಾಗ, ಐಎಸ್‌ಒ ಅಂದ್ರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸೋ ಪ್ರಮಾಣ) ಸರಿಯಾಗಿ ಬರೋ ದೃಶ್ಯಕ್ಕೆ ಕಿಟ್ ಲೆನ್ಸ್ 12800 ಕೇಳುತ್ತೆ. 1500ಡಿಯ ಮಾಮೂಲಿ ಮಿತಿ 6400. ಅದರಾಚೆ ಎಳೆದ್ರೆ ಫೋಟೊ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತೆ. ಬಾಡಿಗೆಗೆ ಕಾಸಿಲ್ಲ ಅಂದ್ರೆ 50 ಒಂದರಲ್ಲೇ ಮುಗಿಸಬಹುದು. ಪೂರ್ತಿ ಸ್ಟೇಜ್ ಸಿಗಲ್ಲ, ಅದನ್ನು ಫೋನಲ್ಲಿ ತೆಗೀರಿ.

ಇನ್ನು ಅಸಲಿ ವಿಷಯ. ಗಾಯಕರ ಮುಂದೆ ಸ್ಟ್ಯಾಂಡಿನಲ್ಲಿ ಮೈಕ್ ಇರುತ್ತೆ, ಎಲ್ಲಿಂದ ನಿಂತ್ರೂ ಮುಖ ಒಂದಿಷ್ಟು ಸಿಗುತ್ತೆ. ರ‍್ಯಾಪರ್ ಮೈಕನ್ನು ತುಟಿಗೆ ಒತ್ತಿ, ಅದರ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿಕೊಳ್ತಾನೆ. (ಹೀಗೆ ಮುಚ್ಚಿದ್ರೆ ಮೈಕ್ ಎಲ್ಲ ಕಡೆಯ ಸದ್ದನ್ನೂ ಎಳ್ಕೊಂಡು ಕುಯ್ಯೋ ಅನ್ನುತ್ತೆ, ಸೌಂಡ್ ಎಂಜಿನಿಯರ್ ಹಲ್ಲು ಕಡೀತಾ ಕೂತಿರ್ತಾನೆ.) ಬಾಯಿ, ಗಲ್ಲ, ಅರ್ಧ ಕೆನ್ನೆ ಎಲ್ಲ ಮುಷ್ಟಿಯ ಹಿಂದೆ. ಮೇಲೆ ಟೋಪಿಯ ಅಂಚಿನ ನೆರಳು. ನೂರು ಫೋಟೊ ತೆಗೆದು ಮನೆಗೆ ಹೋದ್ರೆ ಎಂಬತ್ತರಲ್ಲಿ ಒಂದು ಮುಷ್ಟಿ, ಒಂದು ಟೋಪಿ.

ಅದಕ್ಕೆ ಮೊದಲ ಇಪ್ಪತ್ತು ಸೆಕೆಂಡ್ ಕ್ಲಿಕ್ ಮಾಡಬೇಡಿ, ಮೈಕ್ ಯಾವ ಕೈಯಲ್ಲಿದೆ ನೋಡಿ. ಅವನ ಬಲಗೈಯಲ್ಲಿದ್ರೆ, ಸ್ಟೇಜಿಗೆ ಮುಖ ಮಾಡಿ ನಿಂತ ನಿಮ್ಮ ಬಲಕ್ಕೆ ಸರೀರಿ. ಎಡಗೈಯಾದ್ರೆ ಎಡಕ್ಕೆ. ಆ ಬದಿಯಿಂದ ಮೊಣಕೈ ಮುಖಕ್ಕೆ ಅಡ್ಡ ಬರಲ್ಲ, ದವಡೆಯ ಗೆರೆ ಪೂರ್ತಿ ಸಿಗುತ್ತೆ. ಒಂದೆರಡು ಹೆಜ್ಜೆಯ ವ್ಯತ್ಯಾಸ, ಆದ್ರೆ ಫೋಟೊ ಬೇರೆಯೇ. ಹಾಡಿನ ಮಧ್ಯೆ ಕೈ ಬದಲಾಯಿಸ್ತಾನೆ, ಆಗ ನೀವೂ ಜಾಗ ಬದಲಾಯಿಸಿ. ಟೋಪಿಯ ನೆರಳಿಗೆ ಪಿಟ್ಟೇ ಮದ್ದು: ಕೆಳಗಿಂದ ನೋಡೋದ್ರಿಂದ ಅಂಚಿನ ಅಡಿಯಲ್ಲಿ ಕಣ್ಣು ಕಾಣುತ್ತೆ. ಹಾಗಂತ ಸ್ಟೇಜಿಗೆ ಅಂಟಿ ನಿಲ್ಲಬೇಡಿ. ಆರಡಿ ಎತ್ತರದ ಸ್ಟೇಜಿಗೆ ಅಂಟಿದ್ರೆ ಮೂಗಿನ ಹೊಳ್ಳೆ, ಮಾನಿಟರ್ ಸ್ಪೀಕರಿನ ಬೆನ್ನು ಇವೇ ಬರ್ತವೆ. ಬೆನ್ನು ಬ್ಯಾರಿಕೇಡಿಗೆ ತಾಗೋವಷ್ಟು ಹಿಂದೆ ನಿಲ್ಲಿ.

ಕ್ಲಿಕ್ ಯಾವಾಗ? ಪದಗಳು ಸುರೀತಿರುವಾಗ ಅಲ್ಲ, ಆಗ ಮುಖ ಹಿಂಡಿದ ಹಾಗಿರುತ್ತೆ. ಸಾಲಿನ ಕೊನೇ ಪದಕ್ಕೆ ಕಾಯಿರಿ. ಅಲ್ಲಿ ಮೈಕ್ ಬಾಯಿಂದ ಇಳಿಯುತ್ತೆ, ಉಸಿರು ತಗೋತಾನೆ, ಇಲ್ಲವೇ ಮೈಕನ್ನು ಜನರ ಕಡೆ ಚಾಚಿ ಉಳಿದದ್ದನ್ನು ಅವರಿಂದ ಹಾಡಿಸ್ತಾನೆ. ನಿಮಿಷಕ್ಕೆ 90 ಬೀಟಿನ ಹಾಡಾದ್ರೆ ನಾಲ್ಕು ಬೀಟಿಗೆ ಎರಡೂಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಿಮೆ, ಅಂಥ ನಾಲ್ಕು ಸುತ್ತಿಗೆ ಸುಮಾರು ಹತ್ತೂಮುಕ್ಕಾಲು ಸೆಕೆಂಡ್. ಮುಂಚೆ ಅವರ ಹಾಡುಗಳನ್ನು ಕೇಳಿ ಈ ಲೆಕ್ಕ ಕಾಲಲ್ಲಿ ತಾಳ ಹಾಕಿದಷ್ಟು ಸಲೀಸಾಗಬೇಕು. ಡಿಜೆ ಬೀಟ್ ನಿಲ್ಲಿಸಿ ಮತ್ತೆ ಬಿಡೋ ಜಾಗದಲ್ಲಿ ಎಲ್ರೂ ಹಾರ್ತಾರೆ, ಅದು ಗೊತ್ತಿರಲಿ. ಒಂದಡಿ ಎತ್ತರ ಹಾರಿದವನು ಗಾಳಿಯಲ್ಲಿರೋದು ಬರೀ ಅರ್ಧ ಸೆಕೆಂಡ್. 1500ಡಿ ಸೆಕೆಂಡಿಗೆ ಮೂರೇ ಫ್ರೇಮ್ ತೆಗೆಯೋದು. ಒತ್ತಿ ಹಿಡಿದ್ರೆ ಆ ಅರ್ಧ ಸೆಕೆಂಡಲ್ಲಿ ಒಂದೋ ಎರಡೋ ಬರುತ್ತೆ, ಅದೂ ಏರುವಾಗಲೋ ಇಳಿಯುವಾಗಲೋ. ಒಂದೇ ಸಲ ಒತ್ತಿ, ಮಂಡಿ ಮಡಚಿದ್ದು ಬಿಚ್ಚಿದ ಕ್ಷಣದಲ್ಲಿ. ತುದಿಯಲ್ಲಿ ದೇಹ ಕ್ಷಣಕಾಲ ನಿಂತೇ ಇರುತ್ತೆ, 1/320 ಸಾಕಾಗುತ್ತೆ. ಬೀಸೋ ಕೈಗೆ ಮಾತ್ರ 1/500 ಬೇಕು.

ಸೆಟ್ಟಿಂಗ್ ಪೂರ್ತಿ ಮ್ಯಾನ್ಯುಯಲ್, ರಾ (ಆಮೇಲೆ ತಿದ್ದಲು ಬರೋ ಕಚ್ಚಾ ಫೈಲ್), ಎಫ್ 2.8, 1/400, ಐಎಸ್‌ಒ 3200ರಿಂದ ಶುರು. ಫೋಕಸ್ ಎಐ ಸರ್ವೋ (ಓಡಾಡೋರನ್ನು ಬಿಡದೆ ಹಿಂಬಾಲಿಸೋ ವಿಧಾನ), ನಡುವಿನ ಬಿಂದು ಒಂದೇ. ಈ ಕ್ಯಾಮೆರಾದ ಒಂಬತ್ತು ಬಿಂದುಗಳಲ್ಲಿ ಕ್ರಾಸ್ ಮಾದರಿಯದು (ಅಡ್ಡ, ಉದ್ದ ಎರಡೂ ಗೆರೆ ಹಿಡಿಯೋದು) ಅದೊಂದೇ, ಕತ್ತಲಲ್ಲಿ ಉಳಿದವು ಕೈಕೊಡ್ತವೆ. ಫೋಕಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹೆಬ್ಬೆರಳಿನ ನಕ್ಷತ್ರದ ಬಟನ್‌ಗೆ ಹಾಕಿಕೊಳ್ಳಿ. ಕಾಗದದ ಚೂರು ಹಾರಿದಾಗ, ಹೊಗೆ ಎದ್ದಾಗ ಹೆಬ್ಬೆರಳು ಎತ್ತಿದ್ರೆ ಫೋಕಸ್ ಅಲ್ಲೇ ನಿಲ್ಲುತ್ತೆ. ಇಲ್ಲಾಂದ್ರೆ ಕ್ಯಾಮೆರಾ ಕಾಗದದ ಹಿಂದೆ ಓಡುತ್ತೆ.

ಬೆಳಕು ಕೆಂಪಾದಾಗ ಮೋಸ ಹೋಗೋದು ಜಾಸ್ತಿ. ಒಟ್ಟು ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸೋ ನಕ್ಷೆ, ಬಲ ತುದಿ ಅಂದ್ರೆ ಅತಿ ಬೆಳಕು) ಸರಿಯಾಗೇ ಕಾಣುತ್ತೆ, ಕೆಂಪು ಚಾನೆಲ್ ಮಾತ್ರ ಬಲ ಗೋಡೆಗೆ ಗುದ್ದಿರುತ್ತೆ. ಮುಖಕ್ಕೆ ಕುಂಕುಮ ಮೆತ್ತಿದ ಹಾಗೆ, ಕಣ್ಣು ಮೂಗಿನ ಏರಿಳಿತವೇ ಇರಲ್ಲ, ರಾ ಇದ್ರೂ ವಾಪಸ್ ಬರಲ್ಲ. ಮೂರೂ ಬಣ್ಣದ ಹಿಸ್ಟೊಗ್ರಾಮ್ ಹಾಕಿಟ್ಟು, ಕೆಂಪು ಅಥವಾ ನೀಲಿ ತುಂಬಿದಾಗ ಒಂದು ಸ್ಟಾಪ್, ಅಂದ್ರೆ ಬೆಳಕನ್ನು ಅರ್ಧಕ್ಕೆ, ಇಳಿಸಿ, ಇಲ್ಲವೇ ಬಿಳಿ ಬರೋವರೆಗೆ ಕಾಯಿರಿ. ಎಲ್‌ಇಡಿ ದೀಪ ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹೊತ್ತಿಕೊಳ್ತಾ ಇರುತ್ತೆ. 1/1000ಕ್ಕೆ ಹೋದ್ರೆ ಹಿಂದಿನ ಪರದೆಯಲ್ಲಿ ಅಡ್ಡ ಪಟ್ಟೆ ಬೀಳೋದು ಅದಕ್ಕೇ. ಪಟ್ಟೆ ಕಂಡ್ರೆ 1/250ಕ್ಕೆ ಇಳೀರಿ. ಲೇಸರ್ ನೇರ ನಿಮ್ಮ ಕಡೆ ತಿರುಗಿದ್ರೆ ಕ್ಯಾಮೆರಾ ಇಳಿಸಿ: ನಿಮ್ಮದು ಡಿಎಸ್‌ಎಲ್‌ಆರ್, ವ್ಯೂಫೈಂಡರ್ ಮೂಲಕ ಅದು ಕಣ್ಣಿಗೇ ಬರುತ್ತೆ. ಮಿರರ್‌ಲೆಸ್ ಆದ್ರೆ ಸೆನ್ಸರ್ ಮೇಲೆ ಸುಟ್ಟ ಗೆರೆ. ಫ್ಲ್ಯಾಶ್ ಬೇಡವೇ ಬೇಡ.

ದೊಡ್ಡ ಶೋಗಳಲ್ಲಿ ಮಾಮೂಲಿ ನಿಯಮ ಮೂರು ಹಾಡು, ಫ್ಲ್ಯಾಶಿಲ್ಲ, ಆಮೇಲೆ ಪಿಟ್ ಖಾಲಿ. ರ‍್ಯಾಪ್ ಹಾಡು ಎರಡು-ಮೂರು ನಿಮಿಷದ್ದು, ಒಂದಕ್ಕೊಂದು ಅಂಟಿಸಿ ಹಾಡ್ತಾರೆ. ಕೈಗೆ ಸಿಗೋದು ಏಳೆಂಟು ನಿಮಿಷ, ಮೂರನೇದು ಯಾವಾಗ ಮುಗೀತು ಅಂತ ಗೊತ್ತೂ ಆಗಲ್ಲ. ಬೌನ್ಸರ್ ಕೈ ತೋರಿಸಿದ್ರೆ ವಾದ ಮಾಡದೆ ಹೊರಡಿ. ಆ ಎಂಟು ನಿಮಿಷದಲ್ಲಿ ಮೂವತ್ತು ಸೆಕೆಂಡ್ ಸ್ಟೇಜಿಗೆ ಬೆನ್ನು ಮಾಡಿ ಜನರನ್ನು ತೆಗೀರಿ. ಸ್ಟೇಜ್ ಮುಂದಿನ ದೀಪ ಅವರ ಮೇಲೆ ಬೀಸಿದಾಗ ಮಾತ್ರ. ಎಷ್ಟೋ ಸಲ ಆಲ್ಬಮ್ಮಿನಲ್ಲಿ ಉಳಿಯೋದು ಅವೇ.

ಜನರ ವಿಷಯ. ಪಿಟ್ ಮೊದಲು ಸೆಕ್ಯುರಿಟಿಯವರ ಜಾಗ, ಆಮೇಲೆ ನಮ್ಮದು. ಬ್ಯಾರಿಕೇಡ್ ಹಾರಿ ಬರೋರನ್ನು, ಉಸಿರು ಕಟ್ಟಿದವರನ್ನು ಅವರು ಎತ್ತಿ ಇದೇ ಓಣಿಯಲ್ಲಿ ಸಾಗಿಸ್ತಾರೆ. ದಾರಿಗೆ ಅಡ್ಡ ಬರಬೇಡಿ. ಬೆನ್ನಿಗೆ ಬ್ಯಾಗ್ ಬೇಡ, ತಿರುಗಿದಾಗ ಪಕ್ಕದವರ ಮುಖಕ್ಕೆ ಬಡಿಯುತ್ತೆ. ಎರಡನೇ ಲೆನ್ಸ್ ಸೊಂಟದ ಚೀಲದಲ್ಲಿರಲಿ. ಲೆನ್ಸಿನ ತುದಿಗೆ ಹುಡ್ (ಪ್ಲಾಸ್ಟಿಕ್ ಬಳೆ) ಹಾಕಿರಿ, ಮೊಣಕೈ ಗುದ್ದಿದ್ರೂ, ನೀರು ಎರಚಿದ್ರೂ ಗಾಜು ಉಳಿಯುತ್ತೆ. ರ‍್ಯಾಪರ್ ಬಾಟಲಿ ಮುಚ್ಚಳ ತಿರುಗಿಸೋದು ಕಂಡ ತಕ್ಷಣ ಒಂದು ಫೋಟೊ ತೆಗೆದು ಕ್ಯಾಮೆರಾವನ್ನು ಅಂಗಿಯೊಳಗೆ ಹಾಕಿ. ಶೋಗೆ ಮುಂಚೆ ಸ್ಟೇಜ್ ಮ್ಯಾನೇಜರ್‌ಗೆ ಒಂದೇ ಪ್ರಶ್ನೆ ಕೇಳಿ: ಹೊಗೆ ಪೈಪು, ಕಿಡಿ, ಬೆಂಕಿ ಎಲ್ಲೆಲ್ಲಿಟ್ಟಿದ್ದೀರಿ? ಅದರ ಮುಂದೆ ನಿಲ್ಲಬೇಡಿ.

ಕಿವಿಯನ್ನು ಹಗುರವಾಗಿ ತಗೋಬೇಡಿ. ಸಬ್‌ವೂಫರ್ ಸಾಲು ಸ್ಟೇಜಿನ ಕೆಳಗೆ, ನಿಮ್ಮ ಹೊಟ್ಟೆಯ ಎದುರಿಗೇ ಇರುತ್ತೆ. ಕೆಲಸದ ಜಾಗದ ಸುರಕ್ಷತೆ ನೋಡೋ ಅಮೆರಿಕದ ನಿಯಾಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೀಬಹುದು, ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧ. 100ಕ್ಕೆ ಬಂದಾಗ ಉಳಿಯೋದು 15 ನಿಮಿಷ. ಫೋಮ್ ಇಯರ್‌ಪ್ಲಗ್ಗನ್ನು ಹೊಸೆದು ಕಿವಿಗಿಟ್ಟು, ಉಬ್ಬೋವರೆಗೆ ಬೆರಳಲ್ಲಿ ಒತ್ತಿ ಹಿಡೀರಿ. ಹತ್ತಿ ಹೆಚ್ಚೇನೂ ತಡೆಯಲ್ಲ.

ಪ್ರ್ಯಾಕ್ಟೀಸ್‌ಗೆ ನಿಮ್ಮೂರೇ ಸಾಕು. ಗಣೇಶನ ಮುಂದಿನ ಆರ್ಕೆಸ್ಟ್ರಾದಲ್ಲಿ ಇದೇ ಕೆಟ್ಟ ಕೆಂಪು-ನೀಲಿ ಬೆಳಕು. ರಾತ್ರಿ ಕಬಡ್ಡಿಯಲ್ಲಿ ಇದೇ ಹಾರಾಟ. ಮೈಸೂರಲ್ಲಾದ್ರೆ ಮಾನಸಗಂಗೋತ್ರಿ ಬಯಲು ರಂಗಮಂದಿರದ ಯುವ ಸಂಭ್ರಮ, ಕಾಲೇಜು ತಂಡಗಳ ಕುಣಿತ. ಯುವ ದಸರಾ ಮೊದಲು ಮಹಾರಾಜ ಕಾಲೇಜು ಮೈದಾನದಲ್ಲಿ ನಡೀತಿತ್ತು, 2024ರಲ್ಲಿ ಉತ್ತನಹಳ್ಳಿ ಬಯಲಿಗೆ ಹೋಯ್ತು, ಹಿಂದಿ ರ‍್ಯಾಪರ್ ಬಾದಶಾ ಹಾಡಿದ್ದು ಅಲ್ಲೇ. ಅಂಥ ಬಯಲಲ್ಲಿ ಸಾವಿರಾರು ಕಾಲು ಕುಣಿದ್ರೆ ಧೂಳು, ಅಕ್ಟೋಬರ್ ಸಂಜೆ ಮಳೆ ಬಿದ್ರೆ ಕೆಸರು. ಅಂಥ ಕಡೆ ಪಿಟ್ಟಿನಲ್ಲಿ ಲೆನ್ಸ್ ಬದಲಾಯಿಸಬೇಡಿ. ಒಂದು ಪ್ಲಾಸ್ಟಿಕ್ ಕವರ್, ಎರಡು ರಬ್ಬರ್ ಬ್ಯಾಂಡ್ ಜೇಬಲ್ಲಿರಲಿ.

ಆಯೋಜಕರು ದುಡ್ಡು ಕೊಟ್ಟು ತೆಗೆಸ್ತಿದ್ರೆ ಒಂದು ಮಾತು ಬರವಣಿಗೆಯಲ್ಲಿ ಮಾಡ್ಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯ ತೆಗೆಸಿದವರು, ನೀವಲ್ಲ.

ಮನೆಗೆ ಬಂದ ಮೇಲೆ ಲೆನ್ಸನ್ನು ಅಂಗಿ ಚುಂಗಿನಿಂದ ಒರೆಸಬೇಡಿ, ಧೂಳಿನ ಹರಳು ಗಾಜನ್ನು ಗೀರುತ್ತೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಬಾಡಿಗೆ ಲೆನ್ಸಾದ್ರೆ ಝೂಮ್ ರಿಂಗನ್ನು ಒಮ್ಮೆ ತಿರುಗಿಸಿ ಕರ ಕರ ಅನ್ನುತ್ತಾ ಕೇಳಿ ನೋಡಿ. ತರುವಾಗಲೂ ಹೀಗೇ ಅಂಗಡಿಯವರ ಎದುರಿಗೇ ತಿರುಗಿಸಿ ನೋಡಿರಬೇಕು, ಇಲ್ಲಾಂದ್ರೆ ಆ ಕರ ಕರ ನಿಮ್ಮ ಡೆಪಾಸಿಟ್ಟಿನ ಲೆಕ್ಕಕ್ಕೆ ಬೀಳುತ್ತೆ.