ಪೋಖರಾದಿಂದ ಜೋಮ್‌ಸೋಮ್‌ಗೆ ಚಿಕ್ಕ ವಿಮಾನ ಹತ್ತಬಹುದಾ?

ಅಪ್ಪ ಅಮ್ಮನನ್ನು ನೇಪಾಳದ ಮುಕ್ತಿನಾಥ ದೇವಸ್ಥಾನಕ್ಕೆ ಕರೆದುಕೊಂಡು ಹೋಗ್ತಿದ್ದೀವಿ, ಪೋಖರಾದಿಂದ ಅದರ ಹತ್ತಿರದ ಜೋಮ್‌ಸೋಮ್ ಊರಿಗೆ ಚಿಕ್ಕ ವಿಮಾನ ಹತ್ತಬಹುದಾ, 2022ರಲ್ಲಿ ಆ ದಾರಿಯ ವಿಮಾನ ಬಿದ್ದದ್ದು ಯಾಕೆ ಅಂತ ಕೇಳಿದ್ದೀರಿ. ಕಣಿವೆ ತಿಳಿಯಾಗಿದ್ದರೆ ಹತ್ತಿ. ಮೋಡ ಕವಿದಿದ್ದರೆ ಬೇಡವೇ ಬೇಡ.

ನಾನು ಚಿಕ್ಕಬಳ್ಳಾಪುರದವನು. ನಮ್ಮ ಮಹಡಿ ಮೇಲೆ ನಿಂತರೆ ನಂದಿಬೆಟ್ಟ ಕಾಣುತ್ತೆ. ಕೆಲವು ದಿನ ಬೆಳಗ್ಗೆ ಎದ್ದು ನೋಡಿದರೆ ಅಲ್ಲಿ ಬೆಟ್ಟವೇ ಇಲ್ಲವೇನೋ ಅನ್ನೋ ಹಾಗೆ ಮೋಡ ಮುಚ್ಚಿರುತ್ತೆ. ಅಂಥ ಹೊತ್ತಲ್ಲಿ ಬೈಕ್ ಹತ್ತಿಸಿದರೆ ತಿರುವಿನ ತಡೆಗೋಡೆ ಕಾಣೋದು ಹತ್ತಿರ ಹೋದ ಮೇಲೇ. ಬೈಕಾದರೆ ಬ್ರೇಕ್ ಹಿಡಿದು ನಿಲ್ಲಬಹುದು. ಜೋಮ್‌ಸೋಮ್‌ಗೆ ಹೋಗುವ ಟ್ವಿನ್ ಆಟರ್ ಅನ್ನೋ ಚಿಕ್ಕ ವಿಮಾನ ಸೆಕೆಂಡಿಗೆ ಸುಮಾರು 75 ಮೀಟರ್ ಓಡುತ್ತೆ. ಒಂದು ಪಕ್ಕ 8,167 ಮೀಟರಿನ ಧವಳಗಿರಿ, ಇನ್ನೊಂದು ಪಕ್ಕ 8,091 ಮೀಟರಿನ ಅನ್ನಪೂರ್ಣ, ನಡುವೆ ಕಾಳಿ ಗಂಡಕಿಯ ಕಣಿವೆ. ಪೈಲಟ್ ಕಣ್ಣಿಂದ ನೋಡಿಕೊಂಡೇ ದಾರಿ ಹಿಡಿಯಬೇಕು.

2022ರ ಮೇ 29ರಂದು ಬಿದ್ದ ತಾರಾ ಏರ್ ಕಂಪನಿಯ ವಿಮಾನದಲ್ಲಿ 22 ಜನ ಇದ್ದರು, ಅವರಲ್ಲಿ ನಾಲ್ವರು ನಮ್ಮ ದೇಶದವರು. ಹಾರಾಟ ಬರೀ 20 ನಿಮಿಷದ್ದು. ಒಬ್ಬರೂ ಉಳಿಯಲಿಲ್ಲ. ತನಿಖಾ ವರದಿ ಹೇಳಿದ್ದು ಇಷ್ಟು: ವಿಮಾನ ಮೋಡದೊಳಗೆ ಸಿಕ್ಕಿಕೊಂಡಿತು, ಪೈಲಟ್‌ಗಳು ಸರಿಯಾದ ದಾರಿ ಕಾಯ್ದುಕೊಳ್ಳಲಿಲ್ಲ, ಬೆಟ್ಟ ಹತ್ತಿರ ಬಂದರೆ ಕೂಗಿ ಎಚ್ಚರಿಸುವ ಸಾಧನವನ್ನು ತಡೆಹಿಡಿದಿದ್ದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. 2016ರ ಫೆಬ್ರವರಿಯಲ್ಲೂ ಇದೇ ದಾರಿಯಲ್ಲಿ 23 ಜನ ತೀರಿಕೊಂಡಿದ್ದರು.

ಅಲ್ಲಿನ ಕಷ್ಟ ಏನಂದರೆ, ಮಧ್ಯಾಹ್ನ ಆಗ್ತಾ ಆಗ್ತಾ ಜೋಮ್‌ಸೋಮ್‌ನಲ್ಲಿ ಗಾಳಿ ಜೋರಾಗುತ್ತೆ, ಅದಕ್ಕೇ ವಿಮಾನಗಳೆಲ್ಲ ಬೆಳಗ್ಗೆಯೇ. ಬೆಳಗ್ಗೆ ಮೋಡ ಸರಿಯೋದು ತಡವಾದರೆ ಹಾರೋಕೆ ಸಿಗುವ ಹೊತ್ತು ಕೊಂಚವೇ. ಆಗ ಎಲ್ಲರಿಗೂ ಅವಸರ. ನಾವು ಹೋದಾಗಲೂ ವಿಮಾನ ಬಿಡಲಿಲ್ಲ. ನಮ್ಮ ಗುಂಪಿನವರು ಕೌಂಟರ್ ಹತ್ತಿರ "ದುಡ್ಡು ಕೊಟ್ಟಿದ್ದೀವಿ, ಕಳಿಸಿ" ಅಂತ ಕೂಗಾಡಿದರು. ನಾನೂ ದನಿಗೂಡಿಸಿದೆ, ಈಗಲೂ ಅದಕ್ಕೆ ಮನಸ್ಸು ಚುಚ್ಚುತ್ತೆ. ಅಮ್ಮ ಮಾತ್ರ ಸೆರಗು ಹೊದ್ದು ಬೆಂಚಿನ ಮೇಲೆ ಕೂತು, "ಸ್ವಾಮಿ ಎಲ್ಲಿಗೂ ಹೋಗಲ್ಲ ಬಿಡಪ್ಪ, ಮೋಡ ಸರೀಲಿ" ಅಂದಳು. ಮಾರನೇ ದಿನವೂ ಮೋಡ. ಜೀಪು ಮಾಡಿಕೊಂಡು ಹೊರಟೆವು. ಇಡೀ ದಿನ ಮೈ ಕುಲುಕಿಸಿದ ದಾರಿ, ಆದರೂ ತಲುಪಿದೆವು. ದೇವಸ್ಥಾನದ 108 ನೀರಿನ ಧಾರೆಗಳ ಕೆಳಗೆ ಅಮ್ಮ ಒಂದೊಂದಕ್ಕೂ ತಲೆ ಒಡ್ಡಿಕೊಂಡು ಹೋದಳು.

ಹಾಗಾಗಿ ಪೋಖರಾದಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ವಾಪಸ್ ಟಿಕೆಟನ್ನು ಅದಕ್ಕೆ ತಕ್ಕ ಹಾಗೆ ಮಾಡಿಸಿ. ಜೀಪಿನ ಖರ್ಚು ಮೊದಲೇ ಎತ್ತಿಡಿ. ಅಪ್ಪ ಅಮ್ಮನ ಮಾತ್ರೆಗಳು, ಸ್ವೆಟರ್ ಕೈಚೀಲದಲ್ಲೇ ಇರಲಿ. ವಿಮಾನ ಇಲ್ಲ ಅಂತ ಕೌಂಟರಿನವರು ಹೇಳಿದರೆ ಇನ್ನೊಂದು ಸಲ ಕೇಳೋಕೆ ಹೋಗಬೇಡಿ.