ಎರಡು ಕಾರು, ಎರಡು ಸೇರು

ಓದುಗ ಮಿತ್ರರೇ,

ಕಳೆದ ಸಂಚಿಕೆಯಲ್ಲಿ 1960ರ ದಶಕದ ಎರಡು ಸ್ಪೋರ್ಟ್ಸ್ ಕಾರುಗಳಾದ ಜಾಗ್ವಾರ್ ಇ-ಟೈಪ್ ಮತ್ತು ಪೋರ್ಷೆ 911 ಇವುಗಳನ್ನು ಸರಿಸಮ ಎಂಬಂತೆ ಬರೆದದ್ದು ನಿಮಗೆ ಹಿಡಿಸಲಿಲ್ಲ. ‘ಒಂದರದ್ದು 265 ಎಚ್‌ಪಿ, ಇನ್ನೊಂದರದ್ದು 130. ಅರ್ಧದಷ್ಟೂ ಇಲ್ಲ. ಎಲ್ಲಿಂದೆಲ್ಲಿಗೆ ಹೋಲಿಕೆ?’ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ತಪ್ಪು ನಮ್ಮದು. ಎರಡು ಅಂಕಿಗಳನ್ನು ಅಕ್ಕಪಕ್ಕ ಅಚ್ಚು ಹಾಕಿದೆವು, ಅವನ್ನು ಅಳೆದದ್ದು ಹೇಗೆ ಅಂತ ಹೇಳಲೇ ಇಲ್ಲ.

1961ರ ಇ-ಟೈಪ್‌ನ 265 ಎನ್ನುವುದು ‘ಗ್ರಾಸ್’ ಲೆಕ್ಕ. ಎಂಜಿನ್ನನ್ನು ಹೊರಗೆ ಬೆಂಚಿನ ಮೇಲಿಟ್ಟು ಓಡಿಸಿ ಅಳೆದದ್ದು. ಸೈಲೆನ್ಸರ್, ಫ್ಯಾನ್, ಡೈನಮೋ ತಿನ್ನುವ ಶಕ್ತಿ ಆ ಲೆಕ್ಕದಲ್ಲಿ ಕಳೆದುಹೋಗುವುದಿಲ್ಲ. 1964ರ ಮೊದಲ ಪೋರ್ಷೆ 911ರ 130 ಜರ್ಮನಿಯ ಡಿಐಎನ್ ಎಂಬ ಮಾನಕ ಸಂಸ್ಥೆಯ ಲೆಕ್ಕ. ಅಲ್ಲಿ ಎಂಜಿನ್ ಕಾರಿನೊಳಗೆ ಹೇಗಿರುತ್ತದೋ ಹಾಗೆಯೇ, ಎಲ್ಲ ಸಾಮಾನು ಹೊತ್ತುಕೊಂಡೇ ಅಳತೆಗೆ ನಿಲ್ಲಬೇಕು. ಇದೇ 911 ಎಂಜಿನ್ ಅಮೆರಿಕದ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಗ್ರಾಸ್ ಲೆಕ್ಕದಲ್ಲಿ 148 ಆಗುತ್ತಿತ್ತು. ಎಂಜಿನ್ ಅದೇ, ಅಳೆಯುವ ಸೇರು ಬೇರೆ.

ಹಾಗಂತ ಜಾಗ್ವಾರ್‌ನ ಕಸುವು ಸುಳ್ಳಲ್ಲ. ಅದರದ್ದು 3,781 ಸಿಸಿ, 911ರದ್ದು 1,991 ಸಿಸಿ. ಎರಡಕ್ಕೂ ಆರೇ ಸಿಲಿಂಡರ್. ನೇರ ರಸ್ತೆಯಲ್ಲಿ ಇ-ಟೈಪ್ ಮುಂದೆ ಹೋಗುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಕಂಪನಿ ಹೇಳಿದ ಗಂಟೆಗೆ 150 ಮೈಲಿ, ಅಂದರೆ 241 ಕಿ.ಮೀ. ವೇಗವನ್ನು ಮುಟ್ಟಿದ್ದು ಪತ್ರಿಕೆಗಳ ಪರೀಕ್ಷೆಗೆಂದೇ ಸಜ್ಜುಮಾಡಿದ ಕಾರು. ಗಿರಾಕಿಯ ಕೈಗೆ ಬಂದ ಕಾರಿಗೆ ಅದು ಕಷ್ಟ. 911ರ ವೇಗ 210 ಕಿ.ಮೀ.

ನನಗೆ ಇವಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಗೇರ್‌ಬಾಕ್ಸ್. ಮೊದಲ ಇ-ಟೈಪ್‌ನ ನಾಲ್ಕು ಗೇರಿನ ಮಾಸ್ ಕಂಪನಿಯ ಬಾಕ್ಸ್‌ನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊಮೆಶ್, ಅಂದರೆ ಗೇರು ಕೂಡುವ ಮುನ್ನ ಚಕ್ರಗಳ ವೇಗವನ್ನು ಸರಿಹೊಂದಿಸುವ ಸಾಧನ, ಇಲ್ಲ. ಅವಸರ ಮಾಡಿದರೆ ಕರ್ರ್ ಅನ್ನುತ್ತದೆ. 911ಕ್ಕೆ ಐದು ಗೇರು. ಪುಟ್ಟ ಎಂಜಿನ್ನಿನ ಶಕ್ತಿಯೆಲ್ಲ ನಿಮಿಷಕ್ಕೆ 6,000 ಸುತ್ತಿನ ಆಸುಪಾಸಿನಲ್ಲಿ ಕೂತಿರುತ್ತದೆ. ಐದು ಗೇರು ಇರುವುದರಿಂದಲೇ ಅದನ್ನು ಅಲ್ಲೇ ಹಿಡಿದಿಡಬಹುದು. ಮೇಲಾಗಿ ಅದರ ತೂಕ 1,080 ಕೆಜಿ, ಜಾಗ್ವಾರ್‌ಗಿಂತ ಹಗುರ. ತಿರುವುಗಳೇ ತುಂಬಿದ ದಾರಿಯಲ್ಲಿ ಇದೆಲ್ಲ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಆದರೆ ಒಂದು ಎಚ್ಚರ. 911ರ ಎಂಜಿನ್ ಹಿಂದಿನ ಚಕ್ರಗಳಿಗೂ ಆಚೆ ನೇತಾಡುತ್ತದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಬೀಸಿಕೊಂಡು ಮುಂದೆ ಬರುತ್ತದೆ. ಈ ಕಾಟ ತಗ್ಗಿಸಲೆಂದು ಪೋರ್ಷೆಯವರೇ 1969ರ ಮಾದರಿಗೆ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ಇ-ಟೈಪ್ ಈ ವಿಷಯದಲ್ಲಿ ಚಾಲಕನ ತಪ್ಪನ್ನು ಬಹಳ ಕ್ಷಮಿಸುವ ಕಾರು. ಅದರ ಹಿಂದಿನ ಸಸ್ಪೆನ್ಷನ್ ನಿಜಕ್ಕೂ ಒಳ್ಳೆಯದು.

ಒಂದನ್ನೇ ಆರಿಸಿ ಅಂದಿದ್ದೀರಿ. 1964ರಲ್ಲಿ ಬಂದ 4.2 ಲೀಟರ್ ಇ-ಟೈಪ್ ನನ್ನ ಆಯ್ಕೆ. ಎಚ್‌ಪಿ ಅದೇ 265, ಟಾರ್ಕ್, ಅಂದರೆ ತಿರುಗಿಸುವ ಬಲ, ಜಾಸ್ತಿ. ನಾಲ್ಕೂ ಗೇರಿಗೆ ಸಿಂಕ್ರೊ ಬಂದಿತ್ತು.

ಮುಂದಿನ ಸಂಚಿಕೆಯಿಂದ ಪ್ರತಿ ಎಚ್‌ಪಿ ಅಂಕಿಯ ಪಕ್ಕದಲ್ಲೂ ಅಳೆದ ಪದ್ಧತಿಯನ್ನು ಅಚ್ಚು ಹಾಕುತ್ತೇವೆ.

– ಸಂಪಾದಕ