ಖಣದ ಅಂಗಿ, ನರೆತ ಕೂದಲು

ಪ್ರಶ್ನೆ: ಮಾನ್ಯರೆ, ನನಗೆ 29 ವರ್ಷ. ಬಾಗಲಕೋಟೆ ಜಿಲ್ಲೆಯ ನೇಕಾರರ ಮನೆಯವನು. ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಅಪ್ಪ ಈಗಲೂ ಮನೆಯ ಕುಣಿಮಗ್ಗದಲ್ಲಿ ಗುಳೇದಗುಡ್ಡದ ಖಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಾರೆ. ಚಿಕ್ಕಂದಿನಿಂದಲೂ ನನಗೆ ಆ ಬಟ್ಟೆಯ ಮೇಲೆ ಆಸೆ. ಕಳೆದ ವರ್ಷ ಅಪ್ಪ ನೇಯ್ದ ಹಸಿರು ಮೈಯ, ಕೆಂಪು ದಡಿಯ ಖಣವನ್ನು ಯಾರಿಗೆಂದು ಹೇಳದೆ ತಂದು, ಅಂಗಿ ಹೊಲಿಸಿಕೊಂಡು, ಸಹೋದ್ಯೋಗಿಯ ಮದುವೆಗೆ ತೊಟ್ಟು ಹೋದೆ. ಊಟದ ಪಂಕ್ತಿಯಲ್ಲಿ ಒಬ್ಬರು ‘ಇದು ಯಾರ ಬ್ಲೌಸ್ ಪೀಸ್?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವನಿಗೆ ಫೋಟೊ ಕಳಿಸಿದರೆ ‘ಹೆಣ್ಮಕ್ಕಳ ಉಡಿ ತುಂಬೋ ಖಣ ನೀ ಯಾಕ ಹಾಕ್ಕೊಂಡಿ?’ ಎಂದಳು. ಅಂದಿನಿಂದ ಅಂಗಿ ಟ್ರಂಕಿನ ತಳದಲ್ಲಿದೆ. ಆದರೂ ಒಮ್ಮೊಮ್ಮೆ ರಾತ್ರಿ ಬಾಗಿಲು ಹಾಕಿಕೊಂಡು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತೇನೆ. ಇದು ಬರೀ ಬಟ್ಟೆಯ ಮೋಹವೋ, ನಾನೇ ಬೇರೆ ಬಗೆಯವನೋ ತಿಳಿಯುತ್ತಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಕ್ಷೇಪಗಳಿವೆ, ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಟ್ರಂಕಿಗೆ ಹಾಕಿದ್ದೀರಿ. ಪಂಕ್ತಿಯಲ್ಲಿ ಕುಳಿತವರದು ಬೇರೆ, ನಿಮ್ಮ ಅವ್ವನದು ಬೇರೆ.

ಅವ್ವನ ಮಾತನ್ನು ಮೊದಲು ನೋಡೋಣ, ಏಕೆಂದರೆ ಅದರಲ್ಲಿ ತೂಕವಿದೆ. ನಿಮ್ಮ ಕಡೆ ಖಣವೆಂದರೆ ಅಂಗಡಿಯ ಬರಿಯ ಬಟ್ಟೆಯಲ್ಲ. ಮನೆಗೆ ಬಂದ ಮುತ್ತೈದೆಗೆ ಅಕ್ಕಿ, ಉತ್ತತ್ತಿ, ಕೊಬ್ಬರಿಬಟ್ಟಲಿನ ಜೊತೆ ಉಡಿಗೆ ಬೀಳುವುದು ಅದು, ದೇವಿಯ ಉಡಿ ತುಂಬುವುದೂ ಅದರಿಂದಲೇ. ಬಸುರಿಗೆ ಮಾಡುವ ಕಾರ್ಯವನ್ನಂತೂ ರವಿಕೆಯ ಹೆಸರಿನಿಂದಲೇ ‘ಕುಬಸ’ ಎಂದು ಕರೆಯುತ್ತಾರೆ. ಹೀಗೆ ಬಾಳಿನುದ್ದಕ್ಕೂ ಹೆಣ್ಣುಮಕ್ಕಳ ಶುಭಕಾರ್ಯಗಳಲ್ಲಿ ಕೈಯಿಂದ ಕೈಗೆ ಸಾಗುವ ವಸ್ತುವನ್ನು ಮಗ ಮೈಮೇಲೆ ಹಾಕಿಕೊಂಡಾಗ ತಾಯಿಗೆ ಕಸಿವಿಸಿಯಾದರೆ, ಆಕೆ ನಿಮ್ಮ ಗಂಡಸುತನವನ್ನು ಅನುಮಾನಿಸಿದಳೆಂದು ಅರ್ಥವಲ್ಲ. ಆಕೆಗೆ ಇರುವುದು ಮೀಸಲು ಮುರಿಯಿತೇನೋ ಎಂಬ ಅಳುಕು. ಇದು ಉಡಿಗೆ ಬಂದ ಖಣವಲ್ಲ, ಅಪ್ಪ ಮಗ್ಗದಿಂದ ಕೊಯ್ದುಕೊಟ್ಟ ಬಟ್ಟೆ ಎಂದು ಊರಿಗೆ ಹೋದಾಗ ಎದುರು ಕುಳಿತು ಹೇಳಿ. ಫೋಟೊ ಕಳಿಸಿ ಒಪ್ಪಿಗೆ ಕೇಳುವ ವಿಷಯ ಇದಲ್ಲ.

ಅಂದಹಾಗೆ, ಇಷ್ಟು ಉದ್ದದ ಪತ್ರದಲ್ಲಿ ನಿಮ್ಮ ಅಪ್ಪ ಒಂದು ಮಾತನ್ನೂ ಆಡಿಲ್ಲ. ನೀವೇ ಅವರಿಗೆ ಹೇಳಿಲ್ಲ. ಹಾಸಿನಲ್ಲಿ ರೇಷ್ಮೆ, ಹೊಕ್ಕಿನಲ್ಲಿ ಹತ್ತಿ ಇಟ್ಟು, ತೇರು, ಆನೆ ಹೆಜ್ಜೆ ಎಂಬ ಚಿತ್ತಾರಗಳನ್ನು ಸಾಲುಸಾಲಾಗಿ ಎತ್ತುತ್ತ, ದಿನವಿಡೀ ಆ ಬಟ್ಟೆಯನ್ನು ಮಡಿಲ ಮುಂದೆಯೇ ಇರಿಸಿಕೊಂಡಿರುವವರು ಅವರು. ಹೆಂಗಸರ ಬಟ್ಟೆಯನ್ನು ಮುಟ್ಟುತ್ತಿದ್ದೇನೆ ಎಂಬ ಸಂಕೋಚ ಒಬ್ಬ ನೇಕಾರನಿಗೂ ಬಂದದ್ದನ್ನು ನಾನು ಕೇಳಿಲ್ಲ. ಬಿಸಿಲಿಗೆ ಹಿಡಿದಾಗ ಒಂದು ಬಣ್ಣ, ನೆರಳಿನಲ್ಲಿ ಇನ್ನೊಂದು ಬಣ್ಣ ತೋರುವ ಆ ಮೈಯನ್ನು ನೋಡುತ್ತ ಬೆಳೆದ ಹುಡುಗನಿಗೆ ಅದರ ಮೇಲೆ ಆಸೆಯಾಗದಿದ್ದರೆ ಅಚ್ಚರಿಪಡಬೇಕಿತ್ತು.

ಇನ್ನು ಪಂಕ್ತಿಯ ನಗು. ಗಂಡಸಿಗೆ ಬಿಳಿ, ಬೂದಿ, ನೀಲಿ ಸಾಕು ಎಂಬ ಕಟ್ಟಳೆ ನಮ್ಮ ನೆಲದಲ್ಲಿ ಅಷ್ಟೇನೂ ಹಳೆಯದಲ್ಲ. ಯುರೋಪಿನ ಗಂಡಸರೇ 18ನೇ ಶತಮಾನದ ಕೊನೆಯವರೆಗೆ ಕಸೂತಿಯ ರೇಷ್ಮೆ ಕೋಟು ತೊಡುತ್ತಿದ್ದರು. ಆಮೇಲೆ ಅವರು ಕಪ್ಪು ಕೋಟಿಗೆ ಇಳಿದರು, ಅವರ ಕಚೇರಿಗಳ ಜೊತೆ ಆ ಕೋಟಿನ ಶಿಸ್ತು ನಮ್ಮಲ್ಲಿಗೂ ಬಂತು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಒಡೆಯರ ಚಿತ್ರಗಳಲ್ಲಿ ಜರತಾರಿ, ಕಿವಿಯ ಆಭರಣ, ಕೊರಳ ಹಾರಗಳನ್ನು ನೋಡಬಹುದು. ಅರಮನೆಯೂ ಬೇಡ, ನಿಮ್ಮ ಊರಿನ ಜಾತ್ರೆಯಲ್ಲಿ ಹಿರಿಯರ ತಲೆಯ ಮೇಲಿನ ರುಮಾಲಿನ ಬಣ್ಣವನ್ನು ನೆನೆಸಿಕೊಳ್ಳಿ. ಕಚೇರಿಯವರು ಮತ್ತೆ ‘ಯಾರ ಬ್ಲೌಸ್ ಪೀಸ್?’ ಎಂದರೆ ‘ನಮ್ಮಪ್ಪ ನೇಯ್ದದ್ದು’ ಎಂದಷ್ಟೇ ಹೇಳಿ, ನಗಬೇಕಾದ ಅಗತ್ಯವಿಲ್ಲ. ಅಂದು ನೀವೂ ನಕ್ಕದ್ದೇ ನಿಮ್ಮನ್ನು ಹೆಚ್ಚು ನೋಯಿಸುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಕೊನೆಯ ಪ್ರಶ್ನೆಗೆ ನನ್ನಿಂದ ತೀರ್ಪು ಬಯಸಬೇಡಿ. ಒಂದು ಅಂಗಿಯ ಆಸೆಯಿಂದ ಯಾರೂ ಬೇರೆ ಬಗೆಯವರೆಂದು ತೀರ್ಮಾನಿಸಲಾಗದು. ಹಾಗೆಯೇ, ಆ ಆಸೆಯ ಹಿಂದೆ ಇನ್ನೂ ಆಳವಾದದ್ದೇನೋ ಇದ್ದರೆ ‘ಬರೀ ಬಟ್ಟೆ’ ಎಂದು ಅದನ್ನು ತಳ್ಳಿಹಾಕಲೂ ಬಾರದು. ಕನ್ನಡಿಯ ಮುಂದೆ ನಿಂತಾಗ ನಿಮಗೆ ಹಿತವೆನಿಸುವುದು ಬಟ್ಟೆಯೋ, ಅದನ್ನು ತೊಟ್ಟಾಗ ಕಾಣುವ ಇನ್ನೊಂದು ರೂಪವೋ ಎಂಬುದನ್ನು ನೀವೇ ನಿಧಾನವಾಗಿ ಗಮನಿಸಬೇಕು. ಎರಡನೆಯದೇ ಆಗಿದ್ದರೂ ಅದು ರೋಗವಲ್ಲ, ಅಪರಾಧವೂ ಅಲ್ಲ. ವ್ಯಕ್ತಿ ತಾನು ಅರಿತುಕೊಂಡ ಲಿಂಗತ್ವವನ್ನು ಉಡುಪು, ಮಾತು, ನಡವಳಿಕೆಗಳಲ್ಲಿ ತೋರುವುದು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಹೇಳಿದೆ. ನಮ್ಮ ಬಳ್ಳಾರಿ ಸೀಮೆಯ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಮನಸ್ಸು ಕಲಕಿದಂತಿದ್ದರೆ ಆಪ್ತಸಮಾಲೋಚಕರೊಬ್ಬರನ್ನು ಕಾಣಿ, ‘ಸರಿಪಡಿಸಿಕೊಳ್ಳಲು’ ಅಲ್ಲ, ಮಾತಾಡಲು. ‘ಬದಲಾಯಿಸಿಬಿಡುತ್ತೇವೆ’ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಅಂಗಿಯ ಬಗ್ಗೆ ಒಂದೆರಡು ಮಾತು. ಖಣದ ಅಗಲ ಕಡಿಮೆ, ಆದ್ದರಿಂದ ಜೋಡಣೆಗಳು ಹೆಚ್ಚು ಬರುತ್ತವೆ. ದಡಿ ಎಲ್ಲಿ ಕೂರಬೇಕೆಂದು ದರ್ಜಿಗೆ ಮೊದಲೇ ತೋರಿಸಿ, ಒಳಗೆ ತೆಳುವಾದ ಹತ್ತಿಯ ಅಸ್ತರು ಕೊಡಿಸಿ. ಟ್ರಂಕಿನಲ್ಲಿ ಮಡಚಿಯೇ ಇಟ್ಟರೆ ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳುತ್ತದೆ. ತೊಡುವಿರೋ ಬಿಡುವಿರೋ, ಮೊದಲು ಅದನ್ನು ಹೊರಗೆ ತೆಗೆದು ನೇತುಹಾಕಿ.

ಪ್ರಶ್ನೆ: ನನಗೆ 48. ಮೂವತ್ತೊಂದರಿಂದ ಕೂದಲಿಗೆ ಬಣ್ಣ ಹಚ್ಚುತ್ತಿದ್ದೆ. ಕಿವಿಯ ಹಿಂದೆ, ಹಣೆಯಂಚಿನಲ್ಲಿ ವಿಪರೀತ ತುರಿಕೆ ಶುರುವಾದ್ದರಿಂದ ನಾಲ್ಕು ತಿಂಗಳಿಂದ ನಿಲ್ಲಿಸಿದ್ದೇನೆ. ಈಗ ಬೈತಲೆಯ ಎರಡೂ ಕಡೆ ಬಿಳಿ, ಕೆಳಗೆ ಕಪ್ಪು. ಬರುವ ವೈಶಾಖದಲ್ಲಿ ಮಗಳ ಮದುವೆ. ‘ಬೀಗರ ಮುಂದೆ ಅಜ್ಜಿಯ ಹಾಗೆ ನಿಲ್ಲುತ್ತೀಯಾ?’ ಎನ್ನುತ್ತಾರೆ ಮನೆಯವರು. ನಿಜ ಹೇಳಬೇಕೆಂದರೆ ಬಿಳಿಕೂದಲು ನನಗೆ ಇಷ್ಟವಾಗತೊಡಗಿದೆ.
– ಓದುಗಿ, ಶಿವಮೊಗ್ಗ

ಉತ್ತರ: ನಿಮ್ಮ ಯಜಮಾನರ ತಲೆಯ ಬಣ್ಣ ಯಾವುದು ಎಂದು ನೀವು ಬರೆದಿಲ್ಲ. ನರೆತಿದ್ದರೆ, ಬೀಗರ ಮುಂದೆ ಅವರು ಅಜ್ಜನ ಹಾಗೆ ಕಾಣುತ್ತಾರೆಂದು ಮನೆಯಲ್ಲಿ ಯಾರಾದರೂ ಚಿಂತಿಸಿದ್ದಾರೆಯೆ?

ಹಾಗೆಂದು, ಬಣ್ಣ ಹಚ್ಚುವವರೆಲ್ಲ ತಮ್ಮನ್ನು ತಾವು ಒಪ್ಪಿಕೊಳ್ಳದವರು ಎನ್ನುವ ಉಪದೇಶ ನನಗೆ ಹಿಡಿಸುವುದಿಲ್ಲ. ಹದಿನೇಳು ವರ್ಷ ನೀವು ಹಚ್ಚಿದ್ದೂ ನಿಮ್ಮ ಇಷ್ಟವೇ. ಈಗ ಇಷ್ಟ ಬದಲಾಗಿದೆ, ಮೈಯೂ ಬೇಡವೆನ್ನುತ್ತಿದೆ. ಕಪ್ಪು ಬಣ್ಣಗಳಲ್ಲಿ ಬಹುಪಾಲಿನವುಗಳಲ್ಲಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಅದು ಒಗ್ಗದವರಿಗೆ ವರ್ಷಗಟ್ಟಲೆ ಹಚ್ಚಿದ ಮೇಲೂ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಚರ್ಮವೈದ್ಯರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಪರೀಕ್ಷಿಸುತ್ತಾರೆ. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲೂ ಪಿಪಿಡಿ ಇರುವುದುಂಟು, ಮದುವೆಯ ಸಡಗರದಲ್ಲಿ ಯಾರಾದರೂ ತಂದುಕೊಟ್ಟಾರು, ಎಚ್ಚರ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೆಗಲವರೆಗೆ ಪೂರ್ತಿ ಬಿಳಿಯಾಗಲು ಎರಡು ವರ್ಷಕ್ಕೂ ಹೆಚ್ಚು ಬೇಕು, ಆದ್ದರಿಂದ ವೈಶಾಖದ ಹೊತ್ತಿಗೆ ಎರಡು ಬಣ್ಣ ಇದ್ದೇ ಇರುತ್ತದೆ. ಹಿಂದಕ್ಕೆ ಬಾಚಿ ಬಿಗಿಯಾಗಿ ತುರುಬು ಕಟ್ಟಿದರೆ ಕಪ್ಪು ತುದಿಗಳು ಒಳಗೆ ಸೇರಿಕೊಳ್ಳುತ್ತವೆ. ಮಲ್ಲಿಗೆ ಬಿಳಿಕೂದಲಲ್ಲಿ ಕಾಣುವುದಿಲ್ಲ, ಕನಕಾಂಬರ ಮುಡಿಯಿರಿ.